ಮೊದಲು ಕೇಳಿಸಿಕೊಳ್ಳುವ ಕಿವಿ



ಶಿವಮೊಗ್ಗ ನಗರದಿಂದ ಸಾಗರ ರಸ್ತೆಯಲ್ಲಿ ಹೊರಟರೆ ಆಲ್ಕೊಳ ವೃತ್ತ ಸಿಗುತ್ತದೆ. ಸಂಜೆ ಐದರ ಹೊತ್ತಿಗೆ ಅಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಆಯನೂರು, ಆನಂದಪುರ, ಸಾಗರದ ಕಡೆಗೆ ಹೋಗುವ ಬಸ್ಸಿಗಾಗಿ ಕಾದಿರುವ ಕಾಲೇಜು ವಿದ್ಯಾರ್ಥಿಗಳು, ಟ್ಯೂಷನ್ನಿಗೆ ಹೊರಟ ಹೈಸ್ಕೂಲು ಮಕ್ಕಳು, ಅಮ್ಮನ ಸೆರಗು ಹಿಡಿದು ನಿಂತ ಚಿಕ್ಕವರು. ಬಹುಮಂದಿಯ ಕಣ್ಣು ಬರುವ ಬಸ್ಸಿನ ಮೇಲಿಲ್ಲ; ಅಂಗೈಯಲ್ಲಿರುವ ಫೋನಿನ ಮೇಲಿದೆ. ಇದು ಆಲ್ಕೊಳದ ಚಿತ್ರ ಮಾತ್ರವಲ್ಲ. ನೀವು ಭದ್ರಾವತಿಯಲ್ಲಿರಿ, ಬೀದರಿನಲ್ಲಿರಿ, ನಿಮ್ಮ ಊರಿನ ಚಿತ್ರವೂ ಇದೇ.

ಈ ಮಾತನ್ನು ದೂರಬೇಕೆಂದು ಹೇಳುತ್ತಿಲ್ಲ. ದೊಡ್ಡವರು ಫೋನಿನ ಬಗ್ಗೆ ಬಾಯಿ ತೆರೆದರೆ ಸಾಕು, ಉಪದೇಶ ಪ್ರಾರಂಭವಾಯಿತು ಎಂದು ನಿಮಗೆ ಅನ್ನಿಸುವುದು ಸಹಜ. ಇಂದು ನಾನು ನಿಮಗೆ ಉಪದೇಶ ಮಾಡುವುದಿಲ್ಲ, ಒಂದು ಕೆಲಸ ವಹಿಸುತ್ತೇನೆ. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ನಿಮ್ಮನ್ನು ಅಣ್ಣಾ, ಅಕ್ಕಾ ಎಂದು ಕರೆಯುವ ಮಕ್ಕಳಿದ್ದಾರಲ್ಲವೇ? ಅಂತರ್ಜಾಲದಲ್ಲಿ ಆ ಮಕ್ಕಳಿಗೆ ಕಾವಲಾಗಿ ನಿಲ್ಲುವ ಕೆಲಸ ಅದು.

ಅಪ್ಪ ಅಮ್ಮ ಇರುವಾಗ ಈ ಕೆಲಸ ನಮಗೇಕೆ ಎಂದು ನೀವು ಕೇಳಬಹುದು. ಕಾರಣ ಎರಡು. ಮನೆಯ ಹಿರಿಯರಲ್ಲಿ ಅನೇಕರಿಗೆ ವಾಟ್ಸ್ಆ್ಯಪ್ ಬಳಸುವುದನ್ನು, ಫೋನಿನಲ್ಲಿ ಹಣ ಕಳುಹಿಸುವುದನ್ನು ಕಲಿಸಿಕೊಟ್ಟವರು ನೀವೇ. ಆಟದ ಆ್ಯಪಿನೊಳಗೆ ಅಪರಿಚಿತರು ಹೇಗೆ ಮಾತಿಗೆ ಬರುತ್ತಾರೆ, ಇನ್‌ಸ್ಟಾಗ್ರಾಂನಲ್ಲಿ ನಕಲಿ ಖಾತೆ ಹೇಗಿರುತ್ತದೆ ಎಂಬುದು ಅವರಿಗಿಂತ ನಿಮಗೆ ಚೆನ್ನಾಗಿ ಗೊತ್ತು. ಎರಡನೆಯ ಕಾರಣ ಇನ್ನೂ ಮುಖ್ಯವಾದುದು. ತಪ್ಪು ಮಾಡಿದೆನೆಂಬ ಹೆದರಿಕೆ ಹತ್ತಿದ ಮಗು ನೇರವಾಗಿ ಅಪ್ಪನ ಮುಂದೆ ಹೋಗಿ ನಿಲ್ಲುವುದು ಅಪರೂಪ. ಹೇಳಿಕೊಳ್ಳುವುದೇ ಆದರೆ ಅದು ಮೊದಲು ಅಣ್ಣನಿಗೋ ಅಕ್ಕನಿಗೋ ಹೇಳುತ್ತದೆ. ಅದನ್ನು ಕೇಳುವ ಕಿವಿ ನಿಮ್ಮದಾಗಿರುತ್ತದೆ.

ಈ ಫೋನು ಮಕ್ಕಳ ಕೈಗೆ ಬಂದ ಬಗೆಯನ್ನು ಒಮ್ಮೆ ನೆನಪಿಸಿಕೊಳ್ಳಿ. 2020ರ ಮಾರ್ಚಿಯಲ್ಲಿ ಕೊರೋನಾ ಕಾರಣದಿಂದ ಶಾಲೆಗಳ ಬಾಗಿಲು ಮುಚ್ಚಿತು. ನಮ್ಮ ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದವು. 'ಸಂವೇದ'ದ ಪಾಠಗಳನ್ನು ಟಿಪ್ಪಣಿ ಮಾಡಿಕೊಂಡವರು ನಿಮ್ಮಲ್ಲಿಯೂ ಇರಬಹುದು. ಅದರ ಜೊತೆಗೆ ಫೋನಿನ ತರಗತಿಗಳೂ ಬಂದವು. ಮಲೆನಾಡಿನ ಊರುಗಳಲ್ಲಿ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಪಾಠ ಕೇಳಿದರು. ಅದುವರೆಗೆ 'ಫೋನು ಮುಟ್ಟಬೇಡ' ಎನ್ನುತ್ತಿದ್ದ ಮನೆಯವರೇ ಸಾಲ ಮಾಡಿ ಫೋನು ಕೊಡಿಸಿದರು. ಶಾಲೆ ಮತ್ತೆ ತೆರೆಯಿತು, ಫೋನು ಮಾತ್ರ ಕೈಯಲ್ಲೇ ಉಳಿಯಿತು. ಅದನ್ನು ಕೈಗೆ ಕೊಟ್ಟವರು ನಾವು. ಅದರಿಂದ ತೊಂದರೆಯಾದಾಗ ಮಗುವೊಂದನ್ನೇ ಅಪರಾಧಿ ಸ್ಥಾನದಲ್ಲಿ ನಿಲ್ಲಿಸುವುದು ನ್ಯಾಯವಲ್ಲ.

ಈಗ ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಿ. ಏಳನೇ ತರಗತಿಯ ಹುಡುಗನೊಬ್ಬ ಫೋನಿನಲ್ಲಿ ಆಟ ಆಡುತ್ತಾನೆ. ಆಟದಲ್ಲಿ ಜೊತೆಗಾರನಾಗಿ ಬಂದ ಒಬ್ಬ 'ನಾನೂ ಏಳನೇ ಕ್ಲಾಸು' ಎನ್ನುತ್ತಾನೆ. ಹದಿನೈದು ದಿನ ಮಾತು, ನಗು, ಆಟದ ಬಹುಮಾನದ ಆಸೆ. ಆಮೇಲೆ 'ವಾಟ್ಸ್ಆ್ಯಪಿಗೆ ಬಾ' ಎಂಬ ಕರೆ. ಆಮೇಲೆ 'ಒಂದು ಫೋಟೋ ಕಳಿಸು, ಯಾರಿಗೂ ಹೇಳಬೇಡ' ಎಂಬ ಮಾತು. ಮೈ ಕಾಣುವಂಥ ಒಂದು ಚಿತ್ರ ಹೋಗುತ್ತದೆ. ಮರುಕ್ಷಣ ಮಾತಿನ ಧಾಟಿಯೇ ಬದಲಾಗುತ್ತದೆ: 'ಹಣ ಹಾಕು. ಇಲ್ಲದಿದ್ದರೆ ಇದನ್ನು ನಿನ್ನ ಕ್ಲಾಸಿನವರಿಗೆಲ್ಲ ಕಳಿಸುತ್ತೇನೆ.' ಆ ಕಡೆ ಇದ್ದವನು ಏಳನೇ ತರಗತಿಯವನಲ್ಲ ಎಂಬುದು ಹುಡುಗನಿಗೆ ತಿಳಿಯುವುದು ಆಗ. ಹುಡುಗಿಯರಿಗೆ ಮಾತ್ರ ಹೀಗಾಗುತ್ತದೆ ಎಂದು ತಿಳಿಯಬೇಡಿ. ಹುಡುಗರೂ ಈ ಬಲೆಗೆ ಬೀಳುತ್ತಾರೆ.

ಬೆದರಿಸುವವನ ಬಂಡವಾಳ ಯಾವುದು, ಯೋಚಿಸಿ. ಆ ಚಿತ್ರವೇ? ಅಲ್ಲ. 'ಇದನ್ನು ಮನೆಯಲ್ಲಿ ಹೇಳಲಾರೆ' ಎಂಬ ಮಗುವಿನ ಹೆದರಿಕೆಯೇ ಅವನ ಬಂಡವಾಳ. 'ಯಾರಿಗೂ ಹೇಳಬೇಡ' ಎಂಬ ಮಾತು ಅವನ ಬಾಯಿಂದ ಮೊದಲೇ ಬರುವುದು ಅದಕ್ಕಾಗಿಯೇ. ಮಗು ಒಬ್ಬರಿಗೆ ಹೇಳಿಕೊಂಡಿತೋ, ಅವನ ಅರ್ಧ ಶಕ್ತಿ ಅಲ್ಲಿಗೇ ಇಳಿಯಿತು. ಹೇಳಿಕೊಳ್ಳಲು ಯಾರೂ ಸಿಗದ ಮಗು ಅಮ್ಮನ ಫೋನಿನಿಂದ ಕದ್ದು ಹಣ ಹಾಕುತ್ತದೆ, ಅವನು ಮತ್ತೆ ಕೇಳುತ್ತಾನೆ, ಮಗು ಮತ್ತೆ ಹಾಕುತ್ತದೆ. ಊಟ ಬಿಡುತ್ತದೆ, ನಡುರಾತ್ರಿ ಎದ್ದು ಫೋನು ನೋಡುತ್ತದೆ, ನೀವು ಹತ್ತಿರ ಬಂದರೆ ಫೋನನ್ನು ಬೋರಲು ಹಾಕುತ್ತದೆ, ಶಾಲೆಗೆ ಹೋಗುವುದಿಲ್ಲವೆಂದು ಹಟ ಹಿಡಿಯುತ್ತದೆ. ಕೆಲವು ಮಕ್ಕಳು ಬದುಕೇ ಬೇಡವೆನ್ನುವಲ್ಲಿಯವರೆಗೂ ಹೋಗುತ್ತಾರೆ. ಈ ಲಕ್ಷಣಗಳನ್ನು ಸೋಮಾರಿತನವೆಂದೋ ಮೊಂಡುತನವೆಂದೋ ತಳ್ಳಿಹಾಕದಿರಿ.

ಒಂದು ದಿನ ಆ ಹುಡುಗ ನಿಮ್ಮ ಹತ್ತಿರ ಬಂದು, 'ಅಕ್ಕಾ, ಒಂದು ವಿಷಯ ಹೇಳ್ತೀನಿ, ಬೈಬಾರ್ದು ಮತ್ತೆ' ಎನ್ನುತ್ತಾನೆ. ಮಿತ್ರರೇ, ನನ್ನ ಇಂದಿನ ಮಾತಿನ ತಿರುಳು ಇಷ್ಟೇ: ಆ ಹೊತ್ತಿನಲ್ಲಿ ನಿಮ್ಮ ಬಾಯಿಂದ ಬರುವ ಮೊದಲ ಮಾತಿನ ಮೇಲೆ ಮುಂದಿನದೆಲ್ಲ ನಿಂತಿದೆ. 'ನಿನಗೆ ಬುದ್ಧಿ ಇಲ್ವಾ? ಯಾರು ಕಳಿಸು ಅಂದ್ರು?' ಎಂದರೆ ಬಾಗಿಲು ಮುಚ್ಚಿತು. ಅವನು ಇನ್ನೊಮ್ಮೆ ಹೇಳುವುದಿಲ್ಲ. 'ಹೇಳಿದ್ದು ಒಳ್ಳೇದಾಯ್ತು ಪುಟ್ಟಾ. ಹೆದರಬೇಡ, ನಾನಿದ್ದೀನಿ' ಎಂದರೆ ಅರ್ಧ ಪರಿಹಾರ ಆದಂತೆಯೇ. ಫೋನನ್ನು ಕಿತ್ತುಕೊಳ್ಳುವುದೂ ಆ ಹೊತ್ತಿನ ಔಷಧಿಯಲ್ಲ. ಹೇಳಿದ್ದಕ್ಕೆ ಶಿಕ್ಷೆಯಾಗುತ್ತದೆಂದು ತಿಳಿದ ಮಗು ಮುಂದಿನ ಸಲ ಮುಚ್ಚಿಡುವುದನ್ನು ಕಲಿಯುತ್ತದೆ.

ಆಮೇಲೆ ಮಾಡಬೇಕಾದುದನ್ನು ಕ್ರಮವಾಗಿ ಹೇಳುತ್ತೇನೆ. ಒಂದು ಪೈಸೆಯನ್ನೂ ಕೊಡಬೇಡಿ. ಕೊಟ್ಟರೆ ಬೇಡಿಕೆ ಬೆಳೆಯುತ್ತದೆ. ಗಾಬರಿಯಲ್ಲಿ ಮಾತುಕತೆಯನ್ನು ಅಳಿಸಿಹಾಕಬೇಡಿ. ಅವನ ಖಾತೆಯ ಹೆಸರು, ದೂರವಾಣಿ ಸಂಖ್ಯೆ, ಹಣ ಕೇಳಿದ ಯುಪಿಐ ವಿಳಾಸ, ಬೆದರಿಕೆಯ ಸಾಲುಗಳು ಇವುಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟು, ನಂತರ ಆ ಖಾತೆಯ ಮೇಲೆ ಆ್ಯಪಿನಲ್ಲೇ ದೂರು ನೀಡಿ, ಬ್ಲಾಕ್ ಮಾಡಿ. ಒಂದು ಎಚ್ಚರಿಕೆ: ಆ ಚಿತ್ರವನ್ನು ಪುರಾವೆಯೆಂದು ಗೆಳೆಯರಿಗೋ ನೆಂಟರಿಗೋ ಕಳುಹಿಸಬೇಡಿ. ಹದಿನೆಂಟು ತುಂಬದವರ ಅಶ್ಲೀಲ ಚಿತ್ರಗಳನ್ನು ಹಂಚುವುದು, ಕಾರಣ ಏನೇ ಇರಲಿ, ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 67ಬಿ ಕಲಮಿಗೆ ನಿಮ್ಮನ್ನೂ ಸಿಕ್ಕಿಸಬಹುದು. ಮೊದಲ ಬಾರಿಯ ಅಪರಾಧಕ್ಕೇ ಐದು ವರ್ಷದವರೆಗೆ ಸೆರೆ ಮತ್ತು ಹತ್ತು ಲಕ್ಷ ರೂಪಾಯಿವರೆಗೆ ದಂಡಕ್ಕೆ ಅಲ್ಲಿ ಅವಕಾಶವಿದೆ.

ಮುಂದಿನ ಹೆಜ್ಜೆಯನ್ನು ನೀವೊಬ್ಬರೇ ಇಡಬೇಡಿ. ಮಗುವಿಗೆ ಹೇಳಿಯೇ, ನಂಬಿಕೆಯ ದೊಡ್ಡವರೊಬ್ಬರನ್ನು ಜೊತೆಗೆ ಸೇರಿಸಿಕೊಳ್ಳಿ: ತಂದೆ, ತಾಯಿ, ಸೋದರಮಾವ, ಮೇಷ್ಟ್ರು, ಯಾರಾದರೂ ಸರಿ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಹಗಲು ರಾತ್ರಿ ಎನ್ನದೆ ಉಚಿತವಾಗಿ ಕರೆ ಮಾಡಬಹುದು, ಮಗುವೇ ಮಾಡಬಹುದು. ಹಣ ಹೋಗಿದ್ದರೆ 1930ಕ್ಕೆ ಕೂಡಲೇ ಕರೆ ಮಾಡಿ. ಕೂಡಲೇ ಎಂಬುದಕ್ಕೆ ಕಾರಣವಿದೆ. ವಂಚಕರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟಿಸುತ್ತಾ ಹೋಗುತ್ತಾರೆ. ಅದು ಕೈದಾಟುವ ಮೊದಲು ದೂರು ತಲುಪಿದರೆ ಬ್ಯಾಂಕಿನವರು ತಡೆಹಿಡಿಯಲು ಸಾಧ್ಯ. ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ದೂರಿನ ಜಾಲತಾಣದಲ್ಲಿ ಮಹಿಳೆಯರು ಮತ್ತು ಮಕ್ಕಳಿಗೆ ಸಂಬಂಧಿಸಿದ ಅಪರಾಧಗಳನ್ನು ಹೆಸರು ಹೇಳದೆಯೂ ವರದಿ ಮಾಡಬಹುದು. ಶಿವಮೊಗ್ಗವೂ ಸೇರಿದಂತೆ ನಮ್ಮ ರಾಜ್ಯದ ಜಿಲ್ಲಾ ಕೇಂದ್ರಗಳಲ್ಲಿ ಇಂಥ ಅಪರಾಧಗಳನ್ನೂ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಗಳಿವೆ. 2012ರ ಪೋಕ್ಸೋ ಕಾಯ್ದೆ ಹದಿನೆಂಟು ವರ್ಷದೊಳಗಿನ ಹುಡುಗ ಹುಡುಗಿ ಇಬ್ಬರನ್ನೂ ರಕ್ಷಿಸುತ್ತದೆ. ಮಗುವಿನ ಹೆಸರು, ಶಾಲೆ, ವಿಳಾಸವನ್ನು ಪತ್ರಿಕೆಯವರು ಪ್ರಕಟಿಸುವಂತಿಲ್ಲ. ಮೋಸ ಹೋದ ಮಗು ಆ ಕಾನೂನಿನ ಕಣ್ಣಿನಲ್ಲಿ ರಕ್ಷಣೆ ಪಡೆಯಬೇಕಾದವನು. ಇದನ್ನು ಮಗುವಿಗೆ ಬಿಡಿಸಿ ಹೇಳಿ.

ಹೋದ ಚಿತ್ರದ ಗತಿ ಏನು? ಅದಕ್ಕೂ ಒಂದು ದಾರಿ ಇದೆ. ಅಮೆರಿಕದಲ್ಲಿ ಕಾಣೆಯಾದ ಮತ್ತು ಶೋಷಣೆಗೊಳಗಾದ ಮಕ್ಕಳಿಗಾಗಿ ದುಡಿಯುವ ರಾಷ್ಟ್ರೀಯ ಕೇಂದ್ರವು 2023ರಲ್ಲಿ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯನ್ನು ಆರಂಭಿಸಿತು. ಬೇರೆ ದೇಶದವರೂ ಅದನ್ನು ಬಳಸಬಹುದು. ಚಿತ್ರ ನಿಮ್ಮ ಫೋನಿನಿಂದ ಹೊರಗೆ ಹೋಗುವುದೇ ಇಲ್ಲ. ನಮ್ಮ ಹೆಬ್ಬೆರಳಿನ ಗುರುತು ಹೇಗೆ ನಮ್ಮದೊಂದೇ ಆಗಿರುತ್ತದೋ ಹಾಗೆ ಆ ಚಿತ್ರಕ್ಕೆ ಒಂದು ಅಂಕಿಗಳ ಗುರುತು ಸಿದ್ಧವಾಗುತ್ತದೆ. ಆ ಗುರುತು ಮಾತ್ರ ಸೇವೆಗೆ ಸೇರಿದ ಕಂಪನಿಗಳಿಗೆ ಹೋಗುತ್ತದೆ. ಅದಕ್ಕೆ ಹೊಂದುವ ಚಿತ್ರ ತಮ್ಮ ತಾಣದಲ್ಲಿ ಕಂಡರೆ ಅವರು ತೆಗೆದುಹಾಕಬಹುದು. ವಾಟ್ಸ್ಆ್ಯಪಿನಂಥ ಗೂಢಲಿಪಿಯ ಸಂದೇಶಗಳೊಳಗೆ ಇದು ಕೆಲಸ ಮಾಡುವುದಿಲ್ಲ, ನಿಜ. ಆದರೂ 'ಎಲ್ಲ ಮುಗಿದೇಹೋಯಿತು' ಎಂದು ಕುಳಿತ ಮಗುವಿಗೆ, ಮಾಡಲು ಇನ್ನೂ ಏನೋ ಇದೆ ಎಂಬುದೇ ದೊಡ್ಡ ಧೈರ್ಯ.

ತೊಂದರೆ ಬರುವ ಮೊದಲೇ ಮಾಡಬಹುದಾದ ಕೆಲಸವೂ ಉಂಟು. ಒಂದು ಭಾನುವಾರ ಹದಿನೈದು ನಿಮಿಷ ತಮ್ಮನ ಅಥವಾ ತಂಗಿಯ ಪಕ್ಕದಲ್ಲಿ ಕುಳಿತು ಫೋನಿನ ಸೆಟ್ಟಿಂಗುಗಳನ್ನು ಇಬ್ಬರೂ ನೋಡಿ. ಖಾತೆ ಎಲ್ಲರಿಗೂ ತೆರೆದಿದೆಯೇ? ಅಪರಿಚಿತರು ಸಂದೇಶ ಕಳುಹಿಸಬಹುದೇ? ಇರುವ ಜಾಗ ತೋರಿಸುವ ಸೌಲಭ್ಯ ಚಾಲೂ ಇದೆಯೇ? ಎರಡು ಹಂತದ ಪರಿಶೀಲನೆ ಹಾಕಿದೆಯೇ? ಇನ್‌ಸ್ಟಾಗ್ರಾಂ 2024ರಲ್ಲಿ ಹದಿಹರೆಯದವರಿಗಾಗಿ ರಕ್ಷಣೆಯುಳ್ಳ ಪ್ರತ್ಯೇಕ ಬಗೆಯ ಖಾತೆಯನ್ನು ಆರಂಭಿಸಿ, 2025ರಲ್ಲಿ ಭಾರತಕ್ಕೂ ತಂದಿತು. ಆದರೆ ಹುಟ್ಟಿದ ವರ್ಷವನ್ನು ಸುಳ್ಳು ಬರೆದು ಒಳಗೆ ಹೋದ ಮಗುವನ್ನು ಆ ತಾಣ ದೊಡ್ಡವರೆಂದೇ ಎಣಿಸಬಹುದು. ಆಗ ಆ ರಕ್ಷಣೆ ಕೈತಪ್ಪುತ್ತದೆ. ಇದನ್ನು ಗದರದೆ, ಸಮಾಧಾನವಾಗಿ ತಿಳಿಸಿ. ಇನ್ನು, ಮುಖದ ಸಾಧಾರಣ ಚಿತ್ರವೊಂದರಿಂದಲೇ ಕೃತಕ ಬುದ್ಧಿಮತ್ತೆಯ ಮೂಲಕ ಕೆಟ್ಟ ಚಿತ್ರ ತಯಾರಿಸುವ ಕಾಲವಿದು. ಹಾಗಾದಾಗ ಮಗು ಏನನ್ನೂ ಕಳುಹಿಸಿರುವುದೇ ಇಲ್ಲ. ಬೈಯುವುದಕ್ಕಿಂತ ಮೊದಲು ಕೇಳಿಸಿಕೊಳ್ಳಿ ಎಂದು ಹೇಳಲು ಇದೂ ಒಂದು ಕಾರಣ.

ಇಷ್ಟು ಹೊತ್ತು ಹೊರಗಿನಿಂದ ಬರುವ ಕೇಡಿನ ಬಗ್ಗೆ ಮಾತಾಡಿದೆ. ಇನ್ನು ನಮ್ಮೊಳಗಿನಿಂದಲೇ ಬರುವ ಕೇಡಿನ ಬಗ್ಗೆ ಸ್ವಲ್ಪ ಯೋಚಿಸೋಣ. ನಿಮ್ಮ ತರಗತಿಗೂ ಒಂದು ವಾಟ್ಸ್ಆ್ಯಪ್ ಗುಂಪು ಇದ್ದೀತು. ಯಾರೋ ಒಬ್ಬ ಸಹಪಾಠಿಯ ಚಿತ್ರದಿಂದ ಸ್ಟಿಕ್ಕರ್ ಮಾಡುತ್ತಾರೆ. ಅವಳ ಬಣ್ಣ, ಅವನ ತೊದಲು, ಇನ್ನೊಬ್ಬನ ತಂದೆಯ ಕಸುಬು, ಹೀಗೆ ಏನೋ ಒಂದನ್ನು ಹಿಡಿದು ನಗೆ. ನಲವತ್ತು ಜನ ನಗುವ ಗುರುತು ಒತ್ತುತ್ತಾರೆ. ಹಿಂದೆ ಶಾಲೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಅಡ್ಡಹೆಸರು ಬರೆದರೆ ಒದ್ದೆ ಬಟ್ಟೆಯಿಂದ ಒರೆಸಬಹುದಿತ್ತು. ಶಾಲೆ ಬಿಟ್ಟ ಮೇಲೆ ಮನೆಯಲ್ಲಾದರೂ ನೆಮ್ಮದಿ ಇತ್ತು. ಈಗ ಆ ಗೋಡೆ ಮಗುವಿನ ಜೊತೆ ಮನೆಗೂ ಬರುತ್ತದೆ, ಹಾಸಿಗೆಗೂ ಬರುತ್ತದೆ. ಹಿಂದೆ ಹೆಸರಿಲ್ಲದ ಮೂಗರ್ಜಿ ಬರೆಯುವವನನ್ನು ಹೇಡಿ ಎನ್ನುತ್ತಿದ್ದರು. ನಕಲಿ ಖಾತೆಯಿಂದ ಹೀಯಾಳಿಸುವವನಿಗೂ ಅದೇ ಹೆಸರು ಸಲ್ಲಬೇಕು.

'ನಾನು ಮಾಡಲಿಲ್ಲ, ಬರೀ ಫಾರ್ವರ್ಡ್ ಮಾಡಿದೆ' ಎನ್ನುವವರಿದ್ದಾರೆ. ಬರೀ ಫಾರ್ವರ್ಡ್ ಎಂಬುದು ಎಷ್ಟು ದೂರ ಹೋಗಬಲ್ಲುದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿ ಇದೆ.

2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಬಳಿಯ ಹುಣಸೋಡಿನಲ್ಲಿ ಕಲ್ಲುಗಣಿಗಾರಿಕೆಯ ಸ್ಫೋಟಕಗಳು ಸಿಡಿದು ಪ್ರಾಣಹಾನಿಯಾಯಿತು. ನೆಲ ನಡುಗಿ, ಕಿಟಕಿಗಾಜು ಒಡೆದು, ಜನ ಮನೆಯಿಂದ ಹೊರಗೋಡಿ ಬಂದರು. ಭೂಕಂಪವೆಂಬ ಸುದ್ದಿ ಫೋನಿನಿಂದ ಫೋನಿಗೆ ಹರಿಯಿತು. ಆ ರಾತ್ರಿಯ ಊಹೆ ಭಯ ಹೆಚ್ಚಿಸಿ ಬೆಳಗಾಗುವಷ್ಟರಲ್ಲಿ ಕರಗಿತು. ಎಲ್ಲ ಊಹೆಗಳೂ ಹೀಗೆ ಕರಗುವುದಿಲ್ಲ.

2018ರಲ್ಲಿ 'ಮಕ್ಕಳ ಕಳ್ಳರು ಬಂದಿದ್ದಾರೆ, ಎಚ್ಚರ' ಎಂಬ ಸಂದೇಶಗಳು ದೇಶದ ಉದ್ದಗಲಕ್ಕೂ ಹರಿದಾಡಿದವು. ಅವುಗಳ ಜೊತೆ ಒಂದು ವಿಡಿಯೋ ಇತ್ತು: ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ವಾಸ್ತವವಾಗಿ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಯ ಬಗ್ಗೆ ಜಾಗೃತಿ ಮೂಡಿಸಲು ನಟರಿಂದ ಮಾಡಿಸಿದ ಚಿತ್ರ. ಕೊನೆಯಲ್ಲಿ ಅವರು ಮಗುವನ್ನು ಹಿಂದಕ್ಕೆ ತಂದುಬಿಟ್ಟು, ಮಕ್ಕಳ ಮೇಲೆ ಗಮನವಿರಲಿ ಎಂಬ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿದರು. ಮಕ್ಕಳನ್ನು ಕಾಯಲು ಮಾಡಿದ ಚಿತ್ರ ಹೀಗೆ ಜೀವ ತೆಗೆಯುವ ಅಸ್ತ್ರವಾಯಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ದುಡಿಮೆಗೆಂದು ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಶಂಕಿಸಿ ಗುಂಪು ಹೊಡೆದು ಕೊಂದಿತು. ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ, ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಗೆಳೆಯರು ದಾರಿಯಲ್ಲಿ ಕಂಡ ಶಾಲಾ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಅಷ್ಟಕ್ಕೇ ಅನುಮಾನ ಹುಟ್ಟಿತು. ಅವರ ಕಾರು ಮುಂದಿನ ಊರು ಮುಟ್ಟುವ ಮೊದಲೇ ವಾಟ್ಸ್ಆ್ಯಪಿನಲ್ಲಿ ಸುದ್ದಿ ಮುಟ್ಟಿತ್ತು. ಮುರ್ಕಿ ಗ್ರಾಮದಲ್ಲಿ ಜನ ರಸ್ತೆಗೆ ಅಡ್ಡಗಟ್ಟಿದರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಅಲ್ಲೇ ಕೊಲೆಯಾದರು. ಗುಂಪಿನ ಅಡ್ಮಿನ್ ಸೇರಿದಂತೆ ಹಲವರು ಬಂಧನಕ್ಕೊಳಗಾದರು.

ಆ ಸಂದೇಶವನ್ನು ಮುಂದೆ ಕಳುಹಿಸಿದವರೆಲ್ಲ ಕೆಟ್ಟವರೇ? ಇಲ್ಲ. 'ನಮ್ಮ ಮಕ್ಕಳು ಜೋಪಾನ' ಎಂಬ ಕಾಳಜಿಯಿಂದಲೇ ಅನೇಕರು ಕಳುಹಿಸಿರಬೇಕು. ಕಾಳಜಿ ಇತ್ತು, ಒಂದು ನಿಮಿಷದ ತಾಳ್ಮೆ ಇರಲಿಲ್ಲ. ಅದೇ ತಿಂಗಳು ವಾಟ್ಸ್ಆ್ಯಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳುಹಿಸುವಂತೆ ಮಿತಿ ಹಾಕುವುದಾಗಿ ಪ್ರಕಟಿಸಿತು. ಯಂತ್ರಕ್ಕೆ ಮಿತಿ ಹಾಕಬಹುದು. ಬೆರಳಿಗೆ ಮಿತಿ ಹಾಕಬೇಕಾದವರು ನಾವೇ.

ಆದ್ದರಿಂದ ತಮ್ಮ ತಂಗಿಯರಿಗೆ ಮೂರು ಪ್ರಶ್ನೆಗಳನ್ನು ಅಭ್ಯಾಸ ಮಾಡಿಸಿ. ಇದು ನಿಜವೆಂದು ನನಗೆ ಹೇಗೆ ಗೊತ್ತು? ಇದು ನನ್ನ ಬಗ್ಗೆಯೇ ಆಗಿದ್ದರೆ ನಾನು ಸಹಿಸುತ್ತಿದ್ದೆನೇ? ಇದನ್ನು ಆ ವ್ಯಕ್ತಿಯ ಎದುರಿಗೆ ನಿಂತು ಹೇಳಬಲ್ಲೆನೇ? ಮೂರರಲ್ಲಿ ಒಂದಕ್ಕೆ ಉತ್ತರ ಸಿಗದಿದ್ದರೂ ಕಳುಹಿಸುವುದು ಬೇಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಫೋನು ನೋಡುವುದಕ್ಕೆ ಬಹಳ ಮುಂಚೆಯೇ ಹೇಳಿದ್ದರು. ಗುಂಪಿನಲ್ಲಿ ಯಾರನ್ನಾದರೂ ಹೀಯಾಳಿಸುತ್ತಿದ್ದರೆ ಅಲ್ಲಿಯೇ ದೊಡ್ಡ ಜಗಳ ಕಾಯಬೇಕಾಗಿಲ್ಲ. ನಗದೆ ಸುಮ್ಮನಿರುವುದು ಒಂದು ಹೆಜ್ಜೆ. 'ಬೇಡ, ಅಳಿಸಿಬಿಡು' ಎಂದು ಬರೆಯುವುದು ಎರಡನೆಯ ಹೆಜ್ಜೆ. ಹೀಯಾಳಿಕೆಗೆ ಗುರಿಯಾದವರಿಗೆ ಪ್ರತ್ಯೇಕವಾಗಿ ಫೋನು ಮಾಡಿ 'ನಾಳೆ ನನ್ನ ಪಕ್ಕ ಕೂತ್ಕೋ' ಎನ್ನುವುದು ಎಲ್ಲಕ್ಕಿಂತ ದೊಡ್ಡ ಹೆಜ್ಜೆ. ಹೀಯಾಳಿಸಿದವನು ನಿಮ್ಮ ತಮ್ಮನೇ ಆಗಿದ್ದರೆ? ಅವನ ಮಾತನ್ನೂ ಪೂರ್ತಿ ಕೇಳಿ, ಚಿತ್ರವನ್ನು ಅಳಿಸಲು ಹೇಳಿ, ಜೊತೆಗೆ ಹೋಗಿ ಕ್ಷಮೆ ಕೇಳಿಸಿ.

ಆಸ್ಟ್ರೇಲಿಯಾ ದೇಶವು 2025ರ ಡಿಸೆಂಬರ್ 10ರಿಂದ ಹದಿನಾರು ವರ್ಷದೊಳಗಿನವರು ಪ್ರಮುಖ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದದಂತೆ ಕಾನೂನು ಜಾರಿಗೆ ತಂದಿತು. ನಮ್ಮ ದೇಶದಲ್ಲಿಯೂ 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, ಹದಿನೆಂಟರೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆಂದು ಹೇಳುತ್ತದೆ. ಇಂಥ ಕಾನೂನುಗಳ ಒಳಿತು ಕೆಡಕುಗಳನ್ನು ನೀವು ನಿಮ್ಮ ಚರ್ಚಾಸ್ಪರ್ಧೆಗಳಲ್ಲಿ ವಿಚಾರ ಮಾಡಿ. ಆದರೆ ಕಾನೂನು ಬಾಗಿಲಿಗೆ ಅಗುಳಿ ಹಾಕಬಲ್ಲುದೇ ಹೊರತು, ರಾತ್ರಿ ಹತ್ತು ಗಂಟೆಗೆ ಹೊದಿಕೆಯೊಳಗೆ ಅಳುವ ಮಗುವಿನ ಪಕ್ಕದಲ್ಲಿ ಹೋಗಿ ಕೂರಲಾರದು. ಅದು ನಿಮ್ಮಿಂದ ಮಾತ್ರ ಆಗುವ ಕೆಲಸ.

ಇಂದು ಸಂಜೆ ಮನೆಗೆ ಹೋದ ಮೇಲೆ ಚಿಕ್ಕವರನ್ನು ಹತ್ತಿರ ಕರೆಯಿರಿ. 'ಫೋನಿನಲ್ಲಿ ಏನು ನೋಡ್ತಿದ್ದೀಯ' ಎಂದು ಪೊಲೀಸರಂತೆ ಕೇಳಬೇಡಿ. 'ಇವತ್ತು ಯಾವ ಆಟ ಆಡಿದೆ? ನನಗೂ ಕಲಿಸು' ಎನ್ನಿ. ಪಕ್ಕದಲ್ಲಿ ಕುಳಿತು ಆಡಿ, ಬೇಕೆಂದೇ ಒಮ್ಮೆ ಸೋಲಿ. ಎದ್ದು ಹೋಗುವಾಗ ಒಂದೇ ಒಂದು ಮಾತು ಹೇಳಿ: 'ಏನೇ ಆದ್ರೂ ನನಗೆ ಹೇಳು, ನಾನು ಬೈಯಲ್ಲ.' ಹೇಳಿದ ಮೇಲೆ ಆ ಮಾತನ್ನು ಉಳಿಸಿಕೊಳ್ಳಿ. ಅದು ಯಾವತ್ತು ಬೇಕಾಗುತ್ತದೋ ಯಾರೂ ಬಲ್ಲವರಿಲ್ಲ. ಬೇಕಾದ ದಿನ ಅದು ಆ ಮಗುವಿಗೆ ನೆನಪಾಗಬೇಕು, ಅಷ್ಟೇ.